ಹಸಿಮರದ ಸೌಟು, ಹಸಿಮರದ ಮರಿಗೆ



ಭತ್ತ, ಅಡಿಕೆ, ಕಾಳುಮೆಣಸು ಎಂದು ಹೇಳಬೇಕಾದವರು ಇವತ್ತು ಸೌಟಿನ ಪುರಾಣ ಹಿಡಿದುಕೊಂಡು ಬಂದರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸೀತು. ಸ್ವಲ್ಪ ತಾಳಿ. ಶಿರ್ತಾಡಿಯ ಸುತ್ತಿನ ತೋಟಗಳಲ್ಲಿ ಮಳೆ ಹಿಡಿಯುವ ಮುಂಚೆ ಎಷ್ಟು ಕೊಂಬೆ ಕೆಳಗೆ ಬೀಳುತ್ತದೆ ಎಂಬ ಲೆಕ್ಕ ಇಟ್ಟವರುಂಟೇ? ಮೆಣಸಿನ ಬಳ್ಳಿಗೆ ಬೆಳಕು ಬೇಕೆಂದು ಆಧಾರದ ಮರದ ಗೆಲ್ಲು ಕಡಿಯುತ್ತೇವೆ. ಮಾಡಿನ ಮೇಲೆ ಬಾಗಿದ ಹಲಸಿನ ಕೊಂಬೆಯನ್ನು ಗಾಳಿಗೆ ಹೆದರಿ ಕಡಿಸುತ್ತೇವೆ. ನಾವು ಕಡಿಯದೆ ಬಿಟ್ಟದ್ದನ್ನು ಜೂನ್ ತಿಂಗಳ ಗಾಳಿಯೇ ಮುರಿದು ಹಾಕುತ್ತದೆ. ಇದೆಲ್ಲ ಎಲ್ಲಿಗೆ ಹೋಗ್ತದೆ? ಕಟ್ಟಿಗೆ ಕೊಟ್ಟಿಗೆಗೆ, ಅಲ್ಲಿಂದ ಬಚ್ಚಲೊಲೆಗೆ. ಅದೇ ಮನೆಯವರು ಮುಂದಿನ ವಾರ ಪೇಟೆಗೆ ಹೋಗಿ ದೋಸೆ ಕಾವಲಿಗೆ ಗೀರು ಬೀಳದಿರಲಿ ಎಂದು ಮರದ ಸಟ್ಟುಗವನ್ನು ದುಡ್ಡು ಕೊಟ್ಟು ತರುತ್ತಾರೆ. ಒಲೆಗೆ ಹೋದ ಹಲಸಿನ ತುಂಡಿನಲ್ಲಿ ಅಂಥ ನಾಲ್ಕು ಸಟ್ಟುಗ ಇತ್ತು.

ನಮ್ಮ ಹಿರಿಯರು ಇದನ್ನು ಬಿಡುತ್ತಿರಲಿಲ್ಲ. ಉಪ್ಪು ಹಾಕಿಡಲು ಮರಿಗೆ, ಅನ್ನ ಬಾಗಿಸಿ ಹಾಕಲು ಮರಿಗೆ, ಎಣ್ಣೆ ಸ್ನಾನಕ್ಕೆ ಆಳು ಕೂರುವಷ್ಟು ದೊಡ್ಡ ಮರಿಗೆ. ತುಳುವಿನಲ್ಲಿ ಇದನ್ನೇ ಮರಾಯಿ ಎನ್ನುತ್ತಾರೆ. ಉಪ್ಪಿಗೆ ಮರವೇ ಸರಿಯಾದ ಪಾತ್ರೆ, ಏಕೆಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತಾಮ್ರಕ್ಕೆ ಕಿಲುಬು. ಹುಳಿ ಹಾಕಿದ ಸಾರಿಗೂ, ಮಣ್ಣಿನ ಅಳಗೆಯಲ್ಲಿ ಕುದಿಯುವ ಮೀನಿನ ಪದಾರ್ಥಕ್ಕೂ ಮರದ ಸೌಟಿನಷ್ಟು ನಿರಪಾಯದ್ದು ಇನ್ನೊಂದಿಲ್ಲ. ಅಳಗೆಯ ತಳ ಒಡೆಯುವುದಿಲ್ಲ, ಹಿಡಿ ಕೈ ಸುಡುವುದಿಲ್ಲ. ಇಂಥ ಹಳೆಯ ಮನೆವಾರ್ತೆಯ ಸಾಮಾನುಗಳನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಈಗ ಮುಖ್ಯ ಮಾತಿಗೆ ಬರೋಣ. ಸೌಟು, ಮರಿಗೆ ಮಾಡುವುದಕ್ಕೆ ಒಣಗಿದ ಮರ ಬೇಡ, ಹಸಿ ಮರವೇ ಬೇಕು. ಕಡಿದ ದಿನವೇ, ಹೆಚ್ಚೆಂದರೆ ಅದೇ ವಾರದಲ್ಲಿ ಕೆಲಸ ಹಿಡಿಯಬೇಕು. “ಒಣಗಲಿ, ಆಮೇಲೆ ನೋಡುವ” ಎಂದು ಮೂಲೆಗಿಟ್ಟ ತುಂಡು ಎರಡು ವಾರದಲ್ಲಿ ತಲೆ ಬಿರಿದು ಕೂತಿರುತ್ತದೆ, ಒಂದು ವರ್ಷ ಕಳೆದರೆ ಚೂರಿ ಇಳಿಯದಷ್ಟು ಗಟ್ಟಿಯಾಗಿರುತ್ತದೆ. ಬಾಗಿಲು, ದಾರಂದ, ಮಂಚ ಮಾಡುವ ಆಚಾರಿಗಳಿಗೆ ಒಣಮರ ಬೇಕು, ನಿಜ. ಅವರ ಕೆಲಸದಲ್ಲಿ ಒಂದು ತುಂಡು ಇನ್ನೊಂದಕ್ಕೆ ಕೂಡಬೇಕು, ಆಮೇಲೆ ಸೊಟ್ಟಗಾಗಬಾರದು. ಸೌಟಿಗೆ ಕೂಡುವ ಜಾಗವೇ ಇಲ್ಲವಲ್ಲ. ಅದು ಒಣಗುವಾಗ ಒಂದಿಷ್ಟು ಬಾಗಿದರೂ ಸಾರು ಬಡಿಸಲಿಕ್ಕೆ ಅಡ್ಡಿಯಿಲ್ಲ.

ಹಸಿ ಮರದ ಗುಣ ಒಂದಷ್ಟು ತಿಳಿದುಕೊಂಡರೆ ಮುಂದಿನ ಕೆಲಸವೆಲ್ಲ ತಾನಾಗಿ ಅರ್ಥವಾಗುತ್ತದೆ. ಆಗಷ್ಟೇ ಕಡಿದ ಕೊಂಬೆಯ ತೂಕದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ನೀರೇ ಇರುತ್ತದೆ. ಆ ನೀರು ಎರಡು ಬಗೆಯದು. ನೆನೆದ ಬಟ್ಟೆಯನ್ನು ಹಿಂಡಿದರೆ ಒಂದು ಪಾಲು ನೀರು ಸುರಿದು ಹೋಗುತ್ತದೆ, ಆದರೂ ಬಟ್ಟೆ ತೇವವಾಗಿಯೇ ಇರುತ್ತದೆ ಅಲ್ಲವೇ? ಮರದಲ್ಲಿಯೂ ಹಾಗೆಯೇ. ನಾರಿನ ಕೊಳವೆಗಳ ಒಳಗಿನ ನೀರು ಮೊದಲು ಹೋಗುತ್ತದೆ. ಅದು ಹೋಗುವಾಗ ಮರ ಹಗುರವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಮರದ ಒಣತೂಕದ ನೂರಕ್ಕೆ ಸುಮಾರು 30 ಪಾಲು ನೀರು ಉಳಿದಾಗ ಎರಡನೆಯದರ ಸರದಿ ಬರುತ್ತದೆ. ಅದು ನಾರಿನ ಗೋಡೆಯೊಳಗೇ ಇರುವ ನೀರು. ಅದು ಹೊರಡತೊಡಗಿದಾಗ ಮರ ಕುಗ್ಗತೊಡಗುತ್ತದೆ. ಕುಗ್ಗುವುದು ಎಲ್ಲ ಕಡೆಗೂ ಸಮನಾಗಿ ಅಲ್ಲ ಎಂಬುದೇ ಇಲ್ಲಿಯ ತೊಡಕು. ಉದ್ದಕ್ಕೆ ಕುಗ್ಗುವುದು ಇಲ್ಲವೆಂದೇ ಹೇಳಬಹುದು. ನಡುವಿನಿಂದ ತೊಗಟೆಯ ಕಡೆಗೆ ಸ್ವಲ್ಪ ಕುಗ್ಗುತ್ತದೆ. ಬಳೆಯ ಹಾಗೆ ಸುತ್ತಲೂ ಕುಗ್ಗುವುದು ಮಾತ್ರ ಅದರ ಹತ್ತಿರ ಹತ್ತಿರ ಎರಡು ಪಾಲು.

ಇದರಿಂದ ಏನಾಗ್ತದೆ? ಇಡೀ ಕೊಂಬೆಯನ್ನು ಹಾಗೆಯೇ ಇಟ್ಟರೆ ಹೊರಗಿನ ಸುತ್ತುಗಳು ಬಿಗಿಯಲು ನೋಡುತ್ತವೆ, ಒಳಗಿನ ನಡು ಜಾಗ ಬಿಡುವುದಿಲ್ಲ. ಬಿಗಿತ ತಾಳಲಾರದೆ ತೊಗಟೆಯಿಂದ ನಡುವಿನವರೆಗೆ ಸೀಳು ಬೀಳುತ್ತದೆ. ಆದ್ದರಿಂದ ನಿಯಮ ಇಷ್ಟು: ಕೊಂಬೆಯ ನಟ್ಟನಡುವೆ ಪೆನ್ಸಿಲ್ಲಿನ ಸೀಸದಂತೆ ಓಡುವ ಮೆತ್ತನೆಯ ಬೆಂಡು ನಿಮ್ಮ ಸೌಟಿನಲ್ಲಾಗಲಿ ಮರಿಗೆಯಲ್ಲಾಗಲಿ ಇರಕೂಡದು. ತುಂಡನ್ನು ನಡುವಿಗೆ ಸೀಳಿ ಆ ಬೆಂಡನ್ನು ಕೆತ್ತಿ ತೆಗೆಯತಕ್ಕದ್ದು. ಸುತ್ತಿ ಕೂತ ಬಳೆಯನ್ನು ಒಮ್ಮೆ ಕತ್ತರಿಸಿದರೆ ಅದು ಬೇಕಾದಷ್ಟು ಕುಗ್ಗಲಿ, ಒಡೆಯುವುದಿಲ್ಲ.

ಯಾವ ಮರ ಎಂದು ಕೇಳುವಿರಿ. ನಮ್ಮ ಕಡೆಗೆ ಹಲಸನ್ನು ಮೀರಿಸಿದ್ದು ಇಲ್ಲ. ಚೆಂಡೆಗೂ ಮದ್ದಳೆಗೂ ವೀಣೆಗೂ ಆಗುವ ಮರ ಅದು. ಹಸಿಯಾಗಿರುವಾಗ ಚೂರಿಗೆ ಚೆನ್ನಾಗಿ ಇಳಿಯುತ್ತದೆ, ಒಣಗಿದ ಮೇಲೆ ಗಟ್ಟಿ. ಒಳಗಿನ ಹಳದಿ ಚೇಗಿನ ಭಾಗವನ್ನೇ ಆರಿಸಿ, ಹೊರಗಿನ ಬಿಳಿಯ ಭಾಗಕ್ಕೆ ಕುಟ್ಟೆ ಹಿಡಿಯುವುದು ಬೇಗ. ಮೇಣ ಅಂಟುವ ಕಾಟ ಉಂಟು, ಚೂರಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಂಡರೆ ತೀರಿತು. ಹೆಬ್ಬಲಸೂ ಒಳ್ಳೆಯದೇ. ಶಿವನೆ ಮರ ಸಿಕ್ಕಿದರೆ ಬಿಡಬೇಡಿ. ಹಗುರ, ಮೃದು, ಒಣಗುವಾಗ ಹೆಚ್ಚು ತಕರಾರು ಮಾಡುವುದಿಲ್ಲ. ಮಾವು ಕೆತ್ತಲು ಸುಲಭ, ಆದರೆ ನಾಲ್ಕು ದಿನ ಬಿಟ್ಟರೆ ನೀಲಿ ಬೂಸು ಒಳಗಿಳಿಯುತ್ತದೆ. ಪೇರಳೆ ಕೊಂಬೆ ಸಣ್ಣ ಚಮಚಕ್ಕೆ ಚೆಂದ. ಹುಣಸೆ ಹಸಿಯಲ್ಲಿಯೂ ಗಟ್ಟಿ, ಹೊಸಬರ ಕೈ ಸೋಲುತ್ತದೆ.

ಇಲ್ಲಿ ಒಂದು ಹೆಸರಿನ ಗೊಂದಲ ಬಿಡಿಸಬೇಕು. ಚನ್ನಪಟ್ಟಣದ ಬೊಂಬೆ ಹಾಲೆ ಮರದ್ದು ಎಂದು ಓದಿ ನಮ್ಮೂರಿನ ಹಾಲೆ ಮರಕ್ಕೆ, ಎಂದರೆ ಆಟಿ ಅಮಾವಾಸ್ಯೆಗೆ ತೊಗಟೆ ತಂದು ಕಷಾಯ ಕುಡಿಯುತ್ತೇವಲ್ಲ, ಆ ಪಾಲೆ ಮರಕ್ಕೆ, ಕೈ ಹಾಕುವವರಿದ್ದಾರೆ. ಎರಡೂ ಬೇರೆ ಬೇರೆ ಮರಗಳು. ನಮ್ಮ ಪಾಲೆ ಮರ ಬಹಳ ಮೆದು. ಹಿಂದೆ ಶಾಲೆ ಮಕ್ಕಳ ಬರೆಯುವ ಹಲಗೆಗೆ ಅದನ್ನು ಬಳಸುತ್ತಿದ್ದರು, ಅದರ ಶಾಸ್ತ್ರೀಯ ಹೆಸರಿನಲ್ಲಿಯೂ ವಿದ್ಯಾರ್ಥಿಯ ಸೂಚನೆಯೇ ಇದೆ. ಕೈ ಪಳಗಿಸಿಕೊಳ್ಳಲಿಕ್ಕೆ ಆದೀತು, ಕುದಿಯುವ ಸಾರಿಗೆ ಹಾಕುವ ಸೌಟಿಗೆ ಬೇಡ.

ಕೆಲವು ಮರಗಳನ್ನು ಮುಟ್ಟಲೇಬಾರದು. ಕಾಸರಕ ವಿಷ, ಕಣಗಿಲೆ ವಿಷ. ಚೇರಿನ ಮರದ ಸೊನೆ ತಾಗಿದರೆ ಮೈ ಸುಟ್ಟಂತೆ ಬೊಬ್ಬೆ ಏಳುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಗೊಬ್ಬರಕ್ಕೆಂದು ಬೇಲಿಯಲ್ಲಿ ಹಾಕಿದ ಗ್ಲಿರಿಸಿಡಿಯಾದ ಕೊಂಬೆ ನೆಟ್ಟಗೆ, ನುಣುಪಾಗಿ ಆಸೆ ಹುಟ್ಟಿಸುತ್ತದೆ. ಆದರೆ ಅದರ ತೊಗಟೆ, ಬೀಜಗಳನ್ನು ಬೇರೆ ದೇಶಗಳಲ್ಲಿ ಇಲಿ ಪಾಷಾಣಕ್ಕೆ ಬಳಸಿದ್ದುಂಟು, ಅಡಿಗೆಮನೆಗೆ ತರಬೇಡಿ. ರಬ್ಬರ್ ಮರದ ವಿಷಯ ತುಂಬಾ ಜನ ಕೇಳುತ್ತಾರೆ. ಹಳೆಯ ತೋಟ ಕಡಿದಾಗ ಮರ ರಾಶಿ ರಾಶಿ ಸಿಗುತ್ತದೆ, ಹಸಿಯಲ್ಲಿ ಬೆಣ್ಣೆಯಂತೆ ಕೆತ್ತಬಹುದು. ಆದರೆ ಅದರಲ್ಲಿ ಪಿಷ್ಟ ಜಾಸ್ತಿ, ಕೆಲವೇ ದಿನದಲ್ಲಿ ಬೂಸು, ಕೆಲವೇ ವಾರದಲ್ಲಿ ಕುಟ್ಟೆ. ಕಾರ್ಖಾನೆಯವರು ಬೋರಾನ್ ಮದ್ದು ಏರಿಸಿ ಪೀಠೋಪಕರಣ ಮಾಡುತ್ತಾರೆ. ಊಟದ ಪಾತ್ರೆಗೆ ನಾವು ಆ ಮದ್ದು ಹಾಕಲಾರೆವು, ಆದ್ದರಿಂದ ನಾನು ಅದನ್ನು ಹೇಳುವುದಿಲ್ಲ.

ಇನ್ನೊಂದು ಮಾತು. ಸೌಟಿಗಾಗಿ ಮರ ಉರುಳಿಸಬೇಡಿ. ಹೇಗೂ ಕಡಿಯುವ, ಹೇಗೂ ಬೀಳುವ ಕೊಂಬೆ ಸಾಕು. ತೇಗ, ಬೀಟೆ, ಶ್ರೀಗಂಧ ನಿಮ್ಮ ವರ್ಗ ಜಾಗದಲ್ಲಿದ್ದರೂ ಕೇಳದೆ ಕಡಿಯಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯುವುದಕ್ಕೆ ಅನುಮತಿಯ ಕ್ರಮ ಉಂಟು. ಕುಮ್ಕಿಯಲ್ಲಿರುವ ಮರವನ್ನಂತೂ ವರ್ಗದ ಮರ ಎಂದು ಎಣಿಸಲೇಬಾರದು. ಸಂಶಯ ಬಂದರೆ ವಲಯ ಅರಣ್ಯ ಕಚೇರಿಯಲ್ಲಿ ಮೊದಲು ಕೇಳಿ, ಕತ್ತಿ ಆಮೇಲೆ ಎತ್ತಿ.

ಹತಾರಗಳೆಲ್ಲ ಹೆಚ್ಚುಕಡಿಮೆ ಮನೆಯಲ್ಲಿಯೇ ಇವೆ. ಕತ್ತಿ, ಸಣ್ಣ ಕೊಡಲಿ, ಗರಗಸ, ಒಂದು ಕೊಡತಿ, ಹರಿತವಾದ ಸಣ್ಣ ಚೂರಿ. ಮರಿಗೆ ಮಾಡುವವರಿಗೆ ಬಾಚಿ ಬೇಕು. ಗುಳಿ ತೋಡುವುದಕ್ಕೆ ಬಾಯಿ ಅರ್ಧಚಂದ್ರದಂತೆ ಬಾಗಿದ ಉಳಿ, ಇಲ್ಲವೆ ತುದಿ ಕೊಕ್ಕೆಯಂತೆ ಬಾಗಿದ ಚೂರಿ ಒಂದು ಬೇಕಾದೀತು. ಕಬ್ಬಿಣದ ಕೆಲಸದವರಿಗೆ ಹಳೆಯ ಅರವನ್ನು ಕೊಟ್ಟು, ಹೀಗೆ ಬಾಗಿಸಿ ಹದ ಕೊಡಿ ಎಂದರೆ ಮಾಡಿ ಕೊಡುತ್ತಾರೆ. ಸಾಣೆಕಲ್ಲು ಮಾತ್ರ ಪಕ್ಕದಲ್ಲೇ ಇರಲಿ. ಮೊಂಡು ಹತಾರಕ್ಕೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಲ್ಲಿ ಕೈ ಜಾರುತ್ತದೆ. ಅಡಿಕೆ ಕೊಯ್ಲಿನ ಹೊತ್ತಿಗೆ ಹೆಬ್ಬೆರಳಿನ ನರ ಕಡಿದುಕೊಂಡು ಕೂತರೆ ಆ ಮನೆಯ ವರ್ಷದ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಮೂರು ಮಾತು ಗಟ್ಟಿಯಾಗಿ ಹೇಳುತ್ತೇನೆ. ತುಂಡನ್ನು ತೊಡೆಯ ಮೇಲಿಟ್ಟು ಕೆತ್ತಬೇಡಿ. ಕೊಡಲಿ, ಕತ್ತಿಯಲ್ಲಿ ಕೆತ್ತುವಾಗ ಸೊಂಟದೆತ್ತರದ ದಿಮ್ಮಿಯ ಮೇಲೆ ತುಂಡನ್ನು ನಿಲ್ಲಿಸಿ, ಹಿಡಿದ ಕೈ ಯಾವಾಗಲೂ ಅಲಗು ಬೀಳುವ ಜಾಗಕ್ಕಿಂತ ಮೇಲೆ ಇರಲಿ. ಚೂರಿಯ ದಾರಿಯಲ್ಲಿ ನಿಮ್ಮ ಬೆರಳೂ ಬೇಡ, ನೋಡಲು ಬಂದ ಮಗುವೂ ಬೇಡ. ಗಾಯವಾದರೆ ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ, ಕೈ ಮೇಲೆತ್ತಿ ಹಿಡಿದು, ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ವಿಷಯ ವಿಚಾರಿಸಿ. ಅರಿಶಿನ ಹಚ್ಚಿ ಸುಮ್ಮನಾಗುವುದು ಬೇಡ.

ಮೊದಲ ಕೆಲಸಕ್ಕೆ ಗೆರಟೆ ಸೌಟಿನ ಹಿಡಿಯನ್ನೇ ಮಾಡಿ ನೋಡಬಹುದು. ನುಣುಪು ಮಾಡಿದ ಗೆರಟೆಗೆ ಎರಡು ತೂತು, ಅದರಲ್ಲಿ ತೂರುವ ಒಂದು ಹಿಡಿ. ಒಂದು ಗಂಟೆಯಲ್ಲಿ ಚೂರಿಯ ಗುಣವೂ ಮರದ ಗುಣವೂ ಗೊತ್ತಾಗುತ್ತದೆ. ಆಮೇಲೆ ಮರದ ಸೌಟಿಗೆ ಇಳಿಯಿರಿ.

ಸೌಟಿಗೆ ನಾಲ್ಕೈದು ಅಂಗುಲ ದಪ್ಪದ, ಗಂಟಿಲ್ಲದ ಕೊಂಬೆ ಸಾಕು. ಒಂದೂವರೆ ಗೇಣು ಉದ್ದದ ಸೌಟಿಗೆ ಎರಡು ತುದಿಗೂ ಎರಡೆರಡು ಅಂಗುಲ ಹೆಚ್ಚು ಬಿಟ್ಟು ತುಂಡು ಮಾಡಿ. ಬಿರುಕು ಮೊದಲು ಬರುವುದು ತುದಿಯಲ್ಲಿ, ಆ ಎರಡಂಗುಲ ಅದಕ್ಕೆ ಬಲಿ. ತುಂಡನ್ನು ಗರಗಸದಲ್ಲಿ ಸೀಳಬೇಡಿ. ಕತ್ತಿಯನ್ನು ತಲೆಯ ಮೇಲೆ ನಡುವಿಗಿಟ್ಟು ಕೊಡತಿಯಿಂದ ಹೊಡೆಯಿರಿ. ಗರಗಸ ತನಗೆ ಬೇಕಾದ ಹಾಗೆ ಹೋಗುತ್ತದೆ, ನಾರನ್ನು ಅಡ್ಡಡ್ಡ ಕಡಿಯುತ್ತದೆ. ಸೀಳು ನಾರಿನ ದಾರಿಯಲ್ಲಿಯೇ ಹೋಗುತ್ತದೆ. ಹಾಗೆ ಸೀಳಿದ ಮರದ ಹಿಡಿ ಕಿರುಬೆರಳಷ್ಟು ಸಪೂರವಾದರೂ ಮುರಿಯುವುದಿಲ್ಲ. ಪೇಟೆಯ ಯಂತ್ರದ ಸೌಟು ಕುತ್ತಿಗೆಯಲ್ಲಿ ತಟಕ್ಕನೆ ಮುರಿಯುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ತಾನಾಗಿ ಬಾಗಿದ ಕೊಂಬೆ ಸಿಕ್ಕಿದರೆ ಅದೃಷ್ಟ ಎನ್ನಿ. ಮರದ ನೇಗಿಲಿಗೆ ನಮ್ಮವರು ಬಾಗು ನೋಡಿಯೇ ಮರ ಆರಿಸುತ್ತಿದ್ದರಲ್ಲ, ಅದೇ ಲೆಕ್ಕ ಇಲ್ಲಿಯೂ. ಬಾಗಿನಲ್ಲಿ ಗುಳಿ ಬರುವಂತೆ ಗುರುತು ಹಾಕಿದರೆ ನಾರು ಹಿಡಿಯಿಂದ ಗುಳಿಯೊಳಗೆ ತುಂಡಾಗದೆ ತಿರುಗುತ್ತದೆ.

ಬೆಂಡು ತೆಗೆದು ಸಪಾಟು ಮಾಡಿದ ಮುಖದ ಮೇಲೆ ಮಸಿಯಿಂದ ಸೌಟಿನ ಆಕಾರ ಬರೆಯಿರಿ. ಕುತ್ತಿಗೆಯ ಎರಡು ಬದಿಗೂ ಗರಗಸದಿಂದ ಗೆರೆಯವರೆಗೆ ಒಂದೊಂದು ಗೀರು ಹಾಕಿ. ಇದು ಸಣ್ಣ ಉಪಾಯ, ಆದರೆ ಬಹಳ ಬೆಲೆಯದು: ಹಿಡಿಯ ಬದಿ ಕೆತ್ತುವಾಗ ಸೀಳು ಓಡಿ ಬಂದರೂ ಆ ಗೀರಿನಲ್ಲಿ ನಿಂತುಬಿಡುತ್ತದೆ, ತಲೆಯನ್ನು ಕಿತ್ತುಕೊಂಡು ಹೋಗುವುದಿಲ್ಲ. ಮೊದಲು ಗುಳಿ ತೋಡಿ, ಹೊರಮೈ ಆಮೇಲೆ. ಹೊರಗೆ ದಪ್ಪ ಇರುವಾಗ ಹಿಡಿಯಲು ಅನುಕೂಲ. ಗುಳಿಯನ್ನು ಅಂಚಿನಿಂದ ನಡುವಿಗೆ ಇಳಿಸುತ್ತ ತೋಡಬೇಕು, ನಡುವಿನಿಂದ ಆಚೆಯ ಅಂಚಿಗೆ ಏರಿಸಬಾರದು. ಏರುವಾಗ ಉಳಿ ನಾರಿನ ಅಡಿಗೆ ಹೊಕ್ಕು ಎಬ್ಬಿಸುತ್ತದೆ. ಹೊರಮೈ ಕೆತ್ತುವಾಗಲೂ ದಪ್ಪದಿಂದ ಸಪೂರದ ಕಡೆಗೇ ಚೂರಿ ಹೋಗಲಿ. ಮೇಲೆ ಕೆಳಗೆ ಗೊತ್ತಾಗದಿದ್ದರೆ ಮರವೇ ಹೇಳುತ್ತದೆ. ಸರಿ ದಿಕ್ಕಿನಲ್ಲಿ ಸುರುಳಿ ಸುರುಳಿಯಾಗಿ ಸಿಪ್ಪೆ ಏಳುತ್ತದೆ, ತಪ್ಪು ದಿಕ್ಕಿನಲ್ಲಿ ತರಚುತ್ತದೆ.

ಗುಳಿಯ ಗೋಡೆ ಹಸಿಯಲ್ಲಿ ಕಾಲು ಅಂಗುಲದಷ್ಟು ಇರಲಿ, ಕುತ್ತಿಗೆ ಸ್ವಲ್ಪ ದಪ್ಪ ಇರಲಿ. ಒಂದೇ ಕೂರಿಕೆಯಲ್ಲಿ ಮುಗಿಯದೆ ಹೋದರೆ ಹಟ್ಟಿಗೋ ಗದ್ದೆಗೋ ಹೋಗುವ ಮುಂಚೆ ಅದನ್ನು ಬಾಲ್ದಿ ನೀರಿನಲ್ಲಿ ಮುಳುಗಿಸಿ ಹೋಗಿ. ಒಂದು ಮಧ್ಯಾಹ್ನದ ಬಿಸಿಲು ಸಾಕು, ಅರೆಕೆಲಸದ ಸೌಟು ಹಾಳಾಗಲಿಕ್ಕೆ.

ಮರಿಗೆಯ ಕ್ರಮವೂ ಇದೇ, ಗಾತ್ರ ಮಾತ್ರ ದೊಡ್ಡದು. ಹತ್ತಂಗುಲ ಅಡ್ಡಗಲದ ತುಂಡನ್ನು ಸೀಳಿದರೆ ಎಂಟಂಗುಲ ಅಗಲ, ಮೂರು ಮೂರೂವರೆ ಅಂಗುಲ ಆಳದ ಮರಿಗೆ ಸಿಗುತ್ತದೆ. ಕಡಿದ ದಿಮ್ಮಿಯನ್ನು ಉದ್ದವಾಗಿಯೇ ಇಟ್ಟುಕೊಂಡು ಎರಡು ತಲೆಗೂ ಸೆಗಣಿ ಬಗ್ಗಡವನ್ನು ದಪ್ಪವಾಗಿ ಬಳಿದು, ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿಟ್ಟರೆ ಕೆಲವು ದಿನ ಹಸಿಯಾಗಿಯೇ ನಿಲ್ಲುತ್ತದೆ. ಕೆರೆಯಲ್ಲಿ ಮುಳುಗಿಸಿಟ್ಟರೆ ಇನ್ನೂ ಒಳ್ಳೆಯದು. ಕೆತ್ತುವಾಗ ತುಂಡು ಓಡದಂತೆ ಒಂದು ದೊಡ್ಡ ದಿಮ್ಮಿಗೆ ಎರಡು ಗೂಟ ಹೊಡೆದು, ನಡುವೆ ತುಂಡನ್ನಿಟ್ಟು ಬೆಣೆ ಬಿಗಿಯಿರಿ. ಬಾಚಿಯಿಂದ ಎರಡು ತುದಿಗಳಿಂದಲೂ ನಡುವಿಗೆ ತೋಡುತ್ತ ಬನ್ನಿ. ಆಳ ತಿಳಿಯಲು ಅಂಚಿನ ಮೇಲೆ ಒಂದು ನೆಟ್ಟನೆಯ ಕೋಲು ಅಡ್ಡ ಇಟ್ಟು, ಇನ್ನೊಂದು ಕಡ್ಡಿಯನ್ನು ಕೆಳಗಿಳಿಸಿ ನೋಡಿ. ಗೋಡೆಯೂ ತಳವೂ ಒಂದೇ ದಪ್ಪ ಇರಬೇಕು, ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲ. “ತಳ ಗಟ್ಟಿ ಇರಲಿ” ಎಂದು ಎರಡಂಗುಲ ಬಿಟ್ಟಿರೋ, ಗೋಡೆ ಒಣಗಿ ಕುಗ್ಗುವಾಗ ತಳ ಇನ್ನೂ ಹಸಿಯಾಗಿದ್ದು ಎರಡರ ಜಗಳದಲ್ಲಿ ಮರಿಗೆ ಸೀಳುತ್ತದೆ.

ಇಷ್ಟು ಕೆಲಸ ಯಾರೂ ಕಲಿಯಬಹುದು. ಹೆಚ್ಚಿನ ಸೌಟು, ಮರಿಗೆಗಳು ಕೆಡುವುದು ಕೆತ್ತುವಾಗ ಅಲ್ಲ, ಒಣಗಿಸುವಾಗ. ಇದನ್ನು ನಿಧಾನವಾಗಿ ಓದಿ.

ಕೊಯ್ಲಾದ ಗದ್ದೆ ಬೇಸಗೆಯಲ್ಲಿ ಬಿರಿಯುವುದನ್ನು ನೋಡಿದ್ದೀರಿ. ಮೇಲಿನ ಮಣ್ಣು ಬೇಗ ಒಣಗಿ ಕುಗ್ಗಿತು, ಕೆಳಗಿನ ಮಣ್ಣು ತೇವವಾಗಿಯೇ ಉಳಿಯಿತು, ಮೇಲ್ಮೈ ಹರಿಯಿತು. ಹಸಿ ಮರಿಗೆಯನ್ನು ಅಂಗಳದ ಬಿಸಿಲಿಗಿಟ್ಟರೆ ನಡೆಯುವುದು ಇದೇ. ಆದ್ದರಿಂದ ಬಿಸಿಲು ಬೇಡ, ಗಾಳಿ ಬೀಸುವ ಜಗಲಿ ಬೇಡ, ಒಲೆಯ ಮೇಲಿನ ಅಟ್ಟ ಮೊದಲಿಗೆ ಬೇಡವೇ ಬೇಡ. ಕೆತ್ತಿದ ದಿನ ಆ ಕೆತ್ತಿದ ಸಿಪ್ಪೆಯಲ್ಲಿಯೇ ಮರಿಗೆಯನ್ನು ಹೂತು, ಗೋಣಿಚೀಲದಲ್ಲಿ ಹಾಕಿ ಒಳಕೋಣೆಯ ಮೂಲೆಯಲ್ಲಿಡಿ. ಭತ್ತದ ಹೊಟ್ಟಾದರೂ ಆಗುತ್ತದೆ. ಎರಡು ದಿನಕ್ಕೊಮ್ಮೆ ಹೊರತೆಗೆದು, ತೇವವಾದ ಸಿಪ್ಪೆ ಕೊಡವಿ ಒಣ ಸಿಪ್ಪೆ ಹಾಕಿ ಮತ್ತೆ ಹೂಳಿ. ಎರಡು ವಾರದ ಮೇಲೆ ಚೀಲದಿಂದ ತೆಗೆದು ನೆರಳಲ್ಲಿ ಬೋರಲು ಹಾಕಬಹುದು. ಕೊನೆಯ ವಾರ ಮಾತ್ರ ಒಲೆಯ ಅಟ್ಟ. ಸೌಟಾದರೆ ಒಂದೆರಡು ವಾರದಲ್ಲಿ ಒಣಗುತ್ತದೆ, ಮರಿಗೆಗೆ ಒಂದರಿಂದ ಒಂದೂವರೆ ತಿಂಗಳು ಬೇಕು.

ಒಣಗಿತೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ಹೇಳುವುದು ಅನುಭವಿಗಳಿಗೇ ಕಷ್ಟ. ತಕ್ಕಡಿಗೆ ಮೋಸವಿಲ್ಲ. ಕೆತ್ತಿದ ದಿನ ತೂಗಿ, ತಳದಲ್ಲಿ ಪೆನ್ಸಿಲ್ಲಿನಲ್ಲಿ ತೂಕವನ್ನೂ ತಾರೀಕನ್ನೂ ಬರೆಯಿರಿ. ಮೂರು ನಾಲ್ಕು ದಿನಕ್ಕೊಮ್ಮೆ ತೂಗುತ್ತ ಬನ್ನಿ. ಮೊದಮೊದಲು ತೂಕ ಸರಸರನೆ ಇಳಿಯುತ್ತದೆ, ಆಮೇಲೆ ಮೆಲ್ಲಗೆ. ಮೂರು ಸಲ ತೂಗಿದರೂ ಒಂದೇ ತೂಕ ಬಂದರೆ ಒಣಗಿತೆಂದು ತಿಳಿಯತಕ್ಕದ್ದು. ದುಂಡಗೆ ಕೆತ್ತಿದ ಮರಿಗೆ ಈಗ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಹೆದರಬೇಡಿ, ಮೊದಲೇ ಹೇಳಿದ ಕುಗ್ಗುವಿಕೆಯ ಲೆಕ್ಕ ಅದು.

ಕಾಲವನ್ನೂ ನೋಡಿಕೊಳ್ಳಬೇಕು. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆ ನಮ್ಮದು. ಆಟಿ ತಿಂಗಳಲ್ಲಿ ಮರ ಬಿರಿಯುವುದಿಲ್ಲ, ಆದರೆ ಬೂಸು ಹಿಡಿಯುತ್ತದೆ. ಆಗ ಸಿಪ್ಪೆಯಲ್ಲಿ ಹೂಳುವುದು ಬೇಡ, ಒಳಗೆ ತೆರೆದ ಬುಟ್ಟಿಯಲ್ಲಿ ಸ್ವಲ್ಪ ಗಾಳಿಯಾಡುವಂತಿಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ. ಬೂಸು ಕಂಡರೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಉಜ್ಜಿ ಒರೆಸಿ. ಮಾರ್ಚ್‌ನಿಂದ ಮೇವರೆಗೆ ಬೂಸಿಲ್ಲ, ಬಿರುಕಿನ ಭಯವೇ ಭಯ, ಆಗ ಗೋಣಿಯನ್ನು ಎರಡು ಪದರ ಮಾಡಿ. ಮಳೆ ಬಿಟ್ಟ ಮೇಲಿನ ಅಕ್ಟೋಬರ್, ನವೆಂಬರ್ ಎಲ್ಲಕ್ಕಿಂತ ಅನುಕೂಲ. ಮಳೆಗೆ ಮುಂಚೆ ಕಡಿದ ಹಲಸಿನ ದಿಮ್ಮಿಯನ್ನು ಕೆರೆಯಲ್ಲಿ ಹಾಕಿಟ್ಟು ಆಗ ತೆಗೆದರೂ ಆದೀತು.

ಕುಟ್ಟೆ ಬಾರದಿರಲಿಕ್ಕೆ ಅಮಾವಾಸ್ಯೆ ಹತ್ತಿರ ಕಡಿಯಬೇಕು ಎನ್ನುವವರುಂಟು. ಅದರ ವಾದಕ್ಕೆ ನಾನು ಹೋಗುವುದಿಲ್ಲ. ಕುಟ್ಟೆ ಹುಳಕ್ಕೆ ಬೇಕಾದದ್ದು ಮರದಲ್ಲಿರುವ ಪಿಷ್ಟ. ಕೆತ್ತಿದ ಹಸಿ ಸೌಟನ್ನು ಒಂದು ಗಂಟೆ ನೀರಿನಲ್ಲಿ ಕುದಿಸಿದರೆ ಪಿಷ್ಟವೂ ಒಂದಷ್ಟು ಬಿಡುತ್ತದೆ, ಒಳಗೆ ಮೊಟ್ಟೆಯಿದ್ದರೆ ಸಾಯುತ್ತದೆ. ಆಮೇಲೆ ಅದೇ ನೀರಿನಲ್ಲಿ ತಣಿಯಲು ಬಿಟ್ಟು ತೆಗೆಯಿರಿ. ಅಮಾವಾಸ್ಯೆಗೆ ಕಡಿದರೂ ಕುದಿಸಿ, ಹುಣ್ಣಿಮೆಗೆ ಕಡಿದರೂ ಕುದಿಸಿ.

ಒಣಗಿದ ಮೇಲೆ ಕೊನೆಯ ಸಲ ಚೂರಿ ಹಾಕಿ ನುಣುಪು ಮಾಡಿ. ಉಪ್ಪುಕಾಗದ ಬಳಸಬಹುದು. ಗುಡ್ಡದಲ್ಲಿ ಗರಗತ್ತಿ ಎಲೆ ಸಿಕ್ಕಿದರೆ ಅದು ಬಿಟ್ಟಿಯ ಉಪ್ಪುಕಾಗದ, ಮರಳು ಮೆತ್ತಿದಂತೆ ಒರಟು. ಒಮ್ಮೆ ಒದ್ದೆ ಮಾಡಿ ಒಣಗಿಸಿದರೆ ನಾರು ಮುಳ್ಳಿನಂತೆ ಏಳುತ್ತದೆ, ಆಗ ಮತ್ತೊಮ್ಮೆ ಉಜ್ಜಿ. ನಂತರ ಎಣ್ಣೆ. ದಿನವೂ ಬಳಸುವ ಸೌಟಿಗೆ ತೆಂಗಿನೆಣ್ಣೆ ಸಾಕು. ಅದು ಗಟ್ಟಿಯಾಗುವುದಿಲ್ಲ, ತೊಳೆದ ಹಾಗೆ ಹೋಗುತ್ತದೆ, ಆಗಾಗ ಸವರಬೇಕು. ಅಗಸೆ ಎಣ್ಣೆ ಒಳಗಿಳಿದು ಗಟ್ಟಿಯಾಗುತ್ತದೆ, ಮರಿಗೆಗೆ ಅದೇ ಮೇಲು. ಆದರೆ ತಿನ್ನಲು ಬರುವ ಗಾಣದ ಎಣ್ಣೆಯನ್ನೇ ತನ್ನಿ, ಬಣ್ಣದ ಅಂಗಡಿಯದ್ದರಲ್ಲಿ ಬೇಗ ಒಣಗಲು ಲೋಹದ ಮದ್ದು ಹಾಕಿರುತ್ತಾರೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆಸೆಯಬೇಡಿ, ಅದು ತಾನಾಗಿ ಬಿಸಿಯೇರಿ ಬೆಂಕಿ ಹಿಡಿದದ್ದುಂಟು. ಬಿಡಿಸಿ ಹೊರಗೆ ಒಣಗಿಸಿ. ಗೆದ್ದಲಿಗೆಂದು ಪಕ್ಕಾಸಿಗೆ ಬಳಿಯುವ ಗೇರೆಣ್ಣೆ ಮೈ ಸುಡುವಂಥದ್ದು, ಊಟದ ಪಾತ್ರೆಯ ಹತ್ತಿರವೂ ಅದು ಬರಬಾರದು. ವಾರ್ನಿಷೂ ಬೇಡ.

“ಮಾರಿದರೆ ಎಷ್ಟು ಸಿಕ್ಕೀತು ಮಾರಾಯ್ರೆ?” ಎಂದು ಕೇಳುವವರಿಗೆ ಇದ್ದದ್ದನ್ನು ಹೇಳುತ್ತೇನೆ. ಕಲಿಯುವವರಿಗೆ ಒಂದು ಸೌಟಿಗೆ ಅರ್ಧ ದಿನ ಹಿಡಿಯುತ್ತದೆ. ಯಂತ್ರದಿಂದ ಬಂದ ಸೌಟಿನ ಬೆಲೆಗೆ ಮಾರಿದರೆ ನಿಮ್ಮ ಕೂಲಿ ಹುಟ್ಟುವುದಿಲ್ಲ. ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ಉದಯಗಿರಿಯಲ್ಲಿ ಮರದ ಚಮಚ, ಸೌಟು ಮಾಡಿಯೇ ಬದುಕುವ ಮನೆಗಳಿವೆ, ಆ ಕೆಲಸಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಅದು ತಲೆಮಾರಿನಿಂದ ಪಳಗಿದ ಕೈ. ನಮ್ಮಲ್ಲೂ ಅಂಥ ಕೈ ಇದ್ದಿತು, ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಮರದಲ್ಲಿ ಕೆತ್ತಿದ ನವನಾರೀಕುಂಜರ, ಪಂಚನಾರೀತುರಗಗಳನ್ನು ನೋಡಿದವರಿಗೆ ಗೊತ್ತು. ಮಗನಿಗೋ ಮಗಳಿಗೋ ನಿಜವಾಗಿ ಒಲವಿದ್ದರೆ ಕಾರ್ಕಳದ ಮಿಯಾರಿನಲ್ಲಿ ಸಿ. ಇ. ಕಾಮತ್ ಹೆಸರಿನ ಕುಶಲಕರ್ಮಿಗಳ ಸಂಸ್ಥೆಯಿದೆ, ಮರದ ಕೆತ್ತನೆ ಕಲಿಸುತ್ತಾರೆ, ವಿಚಾರಿಸಿ. ಉಳಿದವರು ಮನೆಗೆ ಬೇಕಾದಷ್ಟು ಮಾಡಿಕೊಳ್ಳಿ, ಮದುವೆಗೆ, ಒಕ್ಕಲಿಗೆ ಉಡುಗೊರೆ ಕೊಡಿ.

ಮಕ್ಕಳಿಗೆ ಕಲಿಸುವುದು ಮಾತ್ರ ನನಗೆ ಬಹಳ ಇಷ್ಟದ ಮಾತು. ಸ್ವೀಡನ್ ದೇಶದ ನೇಸ್ ಎಂಬಲ್ಲಿ ಒಟ್ಟೊ ಸಾಲೊಮನ್ ಎಂಬವರು 1870ರ ದಶಕದಲ್ಲಿಯೇ ಮಾಸ್ತರರಿಗೆ ಮರಗೆಲಸ ಕಲಿಸುವ ಶಾಲೆ ನಡೆಸಿದರು, ಚೂರಿ ಹಿಡಿದು ಮರ ಕೆತ್ತುವುದು ಪಾಠದ ಭಾಗವಾಯಿತು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದಲ್ಲಿಯೂ ಕೈಗೆಲಸಕ್ಕೇ ಮೊದಲ ಮಣೆ. ಹತ್ತು ಹನ್ನೆರಡರ ಮಕ್ಕಳಿಗೆ ಪಕ್ಕದಲ್ಲಿ ದೊಡ್ಡವರು ಕೂತು, ಹಸಿ ಪೇರಳೆ ಕಡ್ಡಿ ಕೊಟ್ಟು ಬೆಣ್ಣೆ ಸವರುವ ಸಣ್ಣ ಚಪ್ಪಟೆ ಕಡ್ಡಿ ಕೆತ್ತಿಸಬಹುದು. ಕೊಡಲಿ, ಬಾಚಿ ಅವರ ಕೈಗೆ ಕೊಡಬೇಡಿ.

ಇನ್ನು ಮನೆಯೊಡತಿಯರಿಗೆ ಎರಡು ಮಾತು. ಮರದ ಸೌಟನ್ನು ಎಂಜಲು ಪಾತ್ರೆಗಳ ಜೊತೆ ರಾತ್ರಿಯಿಡೀ ನೀರಲ್ಲಿ ನೆನೆಸಿಡಬೇಡಿ. ಬಳಸಿದ ಕೂಡಲೇ ಬೂದಿಯಿಂದಲೋ ಸಾಬೂನಿನಿಂದಲೋ ತೊಳೆದು, ಒರೆಸಿ, ಗುಳಿ ಕೆಳಮುಖವಾಗಿ ಗಾಳಿಗೆ ತೂಗುಹಾಕಿ. ಮೀನಿನ ಪದಾರ್ಥಕ್ಕೊಂದು, ಪಾಯಸಕ್ಕೊಂದು ಬೇರೆ ಬೇರೆ ಇರಲಿ, ಮರ ವಾಸನೆ ಬಿಡುವುದಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಸವರಿ. ಗುಳಿಯಲ್ಲಿ ಬಿರುಕು ಬಿದ್ದು ಅದರೊಳಗೆ ಪದಾರ್ಥ ನಿಲ್ಲುವಂತಾದರೆ ಆ ಸೌಟನ್ನು ಅಡಿಗೆಗೆ ಬಳಸಬೇಡಿ, ಅಕ್ಕಚ್ಚು ಕದಡಲು ಹಟ್ಟಿಗೆ ಕೊಡಿ. ಉಪ್ಪಿನ ಮರಿಗೆಯ ತಳದಲ್ಲಿ ಕೂದಲೆಳೆಯಷ್ಟು ಸೀಳು ಬಂದಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಜೇನುಮೇಣವನ್ನು ಬಿಸಿ ಮಾಡಿ ಸೀಳಿಗೆ ಹುಯ್ದು, ತಣಿದ ಮೇಲೆ ಹೆಚ್ಚಾದದ್ದನ್ನು ಚೂರಿಯಿಂದ ಕೆರೆದು ತೆಗೆಯಿರಿ. ಮಳೆಗಾಲ ಬಂದಾಗ ಮರವೂ ಉಬ್ಬಿ ಸೀಳು ತಾನೇ ಬಿಗಿದುಕೊಳ್ಳುತ್ತದೆ.